‘ಎಲುಬು ಸಿಕ್ಕಾದ್ರೀ’: ನಾಯಿ, ಬೆಕ್ಕಿನ ತುರ್ತು ತೊಂದರೆಯನ್ನು ಮನೆಯಲ್ಲಿ ಸರಿಯಾಗಿ ಗುರುತಿಸೋದು

ಕಲಬುರಗಿ ಕಡೆಯ ಯಾವುದೇ ಪಶು ಆಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ನಾಲ್ಕು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. “ಗಂಟಲದಾಗ ಎಲುಬು ಸಿಕ್ಕಾದ್ರೀ.” “ಬಿಸಲಿಗಿ ಸುಸ್ತಾಗ್ಯಾದ.” “ಸಂಡಾಸ ಗಟ್ಟ್ಯಾಗ್ಯಾದ.” “ಯಾರೋ ವಿಷ ಹಾಕ್ಯಾರ.” ಕೆಲವು ಸಲ ಈ ಮಾತು ನಿಜವೇ ಇರುತ್ತದೆ. ಬಹಳ ಸಲ ಇರೋದಿಲ್ಲ. ಮನೆಯಲ್ಲಿ ಒಂದು ಹೆಸರು ಇಟ್ಟ ಕೂಡಲೇ ಅದಕ್ಕೆ ತಕ್ಕ ಮನೆಮದ್ದು ಶುರುವಾಗುತ್ತದೆ, ನೋಡೋಣ ನಾಳೆ ಅಂತ ಒಂದು ರಾತ್ರಿ ಹೋಗುತ್ತದೆ. ನಾಯಿ ಬೆಕ್ಕು ಸಾಯೋದು ಆ ರಾತ್ರಿಯಲ್ಲೇ.

ಹಾಗಾಗಿ ಇಲ್ಲಿ ರೋಗದ ಹೆಸರಿನಿಂದ ಶುರು ಮಾಡಿಲ್ಲ. ನಾವು ಏನಂತ ತಿಳಿದುಕೊಳ್ಳುತ್ತೇವೆ, ಅದರ ಹಿಂದೆ ಬೇರೆ ಏನಿರಬಹುದು, ಎರಡನ್ನೂ ಬೇರೆ ಮಾಡೋದು ಹೇಗೆ ಅನ್ನೋದನ್ನು ಬರೆದಿದ್ದೇನೆ. ಚಿಕಿತ್ಸೆ ಡಾಕ್ಟರದ್ದೇ. ಈಗಲೇ ಓಡಬೇಕಾ, ಬೆಳಿಗ್ಗೆವರೆಗೂ ತಡೆಯಬಹುದಾ ಅನ್ನೋ ತೀರ್ಮಾನ ಮಾತ್ರ ನಿಮ್ಮದು.

ಮೊದಲು ಈ ನಾಲ್ಕು ನೋಡಿ

ಏನೇ ಆಗಿರಲಿ, ಉಸಿರು, ವಸಡು, ಜ್ವರ, ಮೂತ್ರ ನೋಡಿ. ಎರಡು ನಿಮಿಷದ ಕೆಲಸ.

ಮಲಗಿರುವ ನಾಯಿ ಅಥವಾ ಬೆಕ್ಕಿನ ಎದೆ ನಿಮಿಷಕ್ಕೆ 30 ಸಲಕ್ಕಿಂತ ಕಡಿಮೆ ಏರಿಳಿಯಬೇಕು. ನಾಯಿ ಬಿಸಿಲಲ್ಲಿ ನಾಲಿಗೆ ಹೊರಗೆ ಹಾಕಿ ತೇಕುವುದು ಸಹಜ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಮುಂದೆ ಓದಬೇಡಿ, ಹೊರಡಿ.

ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ, ಒದ್ದೆ ಇರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಪೂರ್ತಿ ಬಿಳಿಚಿದ್ದರೆ ರಕ್ತ ಎಲ್ಲೋ ಹೋಗುತ್ತಿದೆ, ಇಲ್ಲವೇ ರಕ್ತವೇ ಕಡಿಮೆಯಾಗಿದೆ. ನೀಲಿ ಅಂದರೆ ಗಾಳಿ ಸಾಲುತ್ತಿಲ್ಲ. ಕಂದು ಬಣ್ಣ ಬೆಕ್ಕಿನಲ್ಲಿ ಕಂಡರೆ ಯಾರಾದರೂ ಪ್ಯಾರಾಸಿಟಮಾಲ್ ಕೊಟ್ಟಿದ್ದಾರಾ ಕೇಳಿ, ಅದು ಬೆಕ್ಕಿಗೆ ವಿಷ. ಕಡುಗೆಂಪು ಇದ್ದರೆ ಬಿಸಿಲಾಘಾತ ಅಥವಾ ಮೈಯೆಲ್ಲ ಹಬ್ಬಿದ ಸೋಂಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಜ್ವರ ನೋಡಲು ಹತ್ತು ಸಲ ಮೂಗು ಮುಟ್ಟಿ ಪ್ರಯೋಜನ ಇಲ್ಲ. ಮೂಗು ಒಣಗಿದ್ದಕ್ಕೂ ಜ್ವರಕ್ಕೂ ಸಂಬಂಧವೇ ಇಲ್ಲ. ಮೆಡಿಕಲ್‌ನಲ್ಲಿ ಸಿಗೋ ಡಿಜಿಟಲ್ ಥರ್ಮಾಮೀಟರಿಗೆ ಸ್ವಲ್ಪ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಬೇಕು. ನಾಯಿಗೂ ಬೆಕ್ಕಿಗೂ 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರ ಅನ್ನಿಸೋ 101 ಅವಕ್ಕೆ ಏನೂ ಅಲ್ಲ. 104 ದಾಟಿದರೆ ಅಥವಾ 99ಕ್ಕಿಂತ ಇಳಿದರೆ ಡಾಕ್ಟರಿಗೆ ಫೋನ್ ಮಾಡಿ.

ಕೊನೆಯದು, ಮೂತ್ರ ಯಾವಾಗ ಮಾಡಿತ್ತು? ಈ ಪ್ರಶ್ನೆಗೆ ಮನೆಯವರು ಒಬ್ಬರ ಮುಖ ಒಬ್ಬರು ನೋಡೋದೇ ಜಾಸ್ತಿ. ಅದು ಎಷ್ಟು ಮುಖ್ಯ ಅಂತ ಮುಂದೆ ಬರುತ್ತದೆ.

ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚುತ್ತದೆ. ಮುಟ್ಟುವ ಮುಂಚೆ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಕಟ್ಟಬೇಡಿ. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ ಹಿಡಿಯಿರಿ.

“ಗಂಟಲದಾಗ ಎಲುಬು ಸಿಕ್ಕಾದ”

ಈ ಒಂದು ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು. ಅದರಲ್ಲಿ ಒಂದು ನಿಮ್ಮ ಜೀವಕ್ಕೇ ಕುತ್ತು.

ನಿಜವಾಗಿ ಎಲುಬು ಸಿಕ್ಕಿದ್ದರೆ ತಿನ್ನುತ್ತಿರುವಾಗಲೇ ಥಟ್ಟನೆ ಶುರುವಾಗುತ್ತದೆ. ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ತಲೆ ಅಲುಗಾಡಿಸುತ್ತದೆ. ಎಷ್ಟೋ ಸಲ ಎಲುಬು ಇರೋದು ಗಂಟಲಲ್ಲಿ ಅಲ್ಲ, ಮೇಲಿನ ದವಡೆ ಹಲ್ಲುಗಳ ನಡುವೆ ಅಡ್ಡ. ಉಸಿರು ಸರಾಗ ಇದ್ದರೆ ಕೈ ಹಾಕಿ ಎಳೆಯಬೇಡಿ, ಆಸ್ಪತ್ರೆಗೆ ಹೋಗಿ. ಉಸಿರೇ ನಿಂತು ನಾಲಿಗೆ ನೀಲಿ ಆಗುತ್ತಿದ್ದರೆ ಕಾಯೋ ಹಾಗಿಲ್ಲ. ಹಿಂದಿನಿಂದ ತಬ್ಬಿ, ಪಕ್ಕೆಲುಬು ಮುಗಿಯೋ ಜಾಗದಲ್ಲಿ ಮುಷ್ಟಿಯಿಂದ ಒಳಕ್ಕೆ, ಮೇಲಕ್ಕೆ ಜೋರಾಗಿ ಒತ್ತಿ. ಚಿಕ್ಕ ನಾಯಿಯಾದರೆ ಹಿಂಗಾಲು ಎತ್ತಿ ತಲೆ ಕೆಳಗೆ ಮಾಡಿ ಹೆಗಲ ನಡುವೆ ತಟ್ಟಿ.

ಒಣ ಕೆಮ್ಮು, ಕೊನೆಗೆ ಬಿಳಿ ನೊರೆ, ಆದರೆ ನಾಯಿ ಬಾಲ ಅಲ್ಲಾಡಿಸುತ್ತದೆ, ರೊಟ್ಟಿ ತಿನ್ನುತ್ತದೆ. ಇದು ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು ಇರಬಹುದು. ಬೆಳಿಗ್ಗೆ ತೋರಿಸಿದರೆ ನಡೆಯುತ್ತದೆ.

ಮೂರನೆಯದು ಭಯಂಕರ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ಎದೆ ಆಳ ಇರುವ ದೊಡ್ಡ ನಾಯಿ. ಹೊಟ್ಟೆ ತುಂಬ ತಿಂದು ಓಡಾಡಿದೆ. ಈಗ ಮತ್ತೆ ಮತ್ತೆ ಓಕರಿಸುತ್ತಿದೆ, ಹೊರಗೆ ಬರೋದು ಬರೀ ಜೊಲ್ಲು, ನೊರೆ. ಕೂತಲ್ಲಿ ಕೂರೋದಿಲ್ಲ, ಹೊಟ್ಟೆ ಕಡೆ ತಿರುತಿರುಗಿ ನೋಡುತ್ತದೆ, ಪಕ್ಕೆಯ ಹಿಂದೆ ಹೊಟ್ಟೆ ಬಿಗಿದುಕೊಂಡಿದೆ. ಜಠರ ಗಾಳಿ ತುಂಬಿ ತಿರುಚಿಕೊಂಡಿದೆ ಅಂತಲೇ ತಿಳಿಯಿರಿ. ಇದಕ್ಕೆ ಸೋಡಾ, ಓಮಿನ ನೀರು, ಜೀರಿಗೆ ಕಷಾಯ ಏನೂ ನಾಟೋದಿಲ್ಲ. ಗಂಟೆಗಳ ಒಳಗೆ ಆಪರೇಷನ್ ಆಗದಿದ್ದರೆ ನಾಯಿ ಉಳಿಯೋದಿಲ್ಲ. ಓಕರಿಕೆ ಇದ್ದು ವಾಂತಿ ಬಾರದೇ ಇರೋದು, ಇದೇ ಗುರುತು.

ನಾಲ್ಕನೆಯದು ರೇಬೀಸ್. ಕೆಳದವಡೆ ಜೋತು ಬಿದ್ದಿದೆ, ಜೊಲ್ಲು ಒಂದೇ ಸಮನೆ ಸುರಿಯುತ್ತಿದೆ, ನೀರು ಮುಂದಿಟ್ಟರೆ ಕುಡಿಯೋಕೆ ಹೋಗುತ್ತದೆ ಆದರೆ ನುಂಗಲು ಆಗೋದಿಲ್ಲ. ಬೊಗಳುವ ದನಿ ಬದಲಾಗಿದೆ, ನಡಿಗೆ ತೂರಾಡುತ್ತಿದೆ. ನೋಡಿದವರಿಗೆ ಥೇಟ್ ಎಲುಬು ಸಿಕ್ಕ ಹಾಗೇ ಕಾಣುತ್ತದೆ. ಎಲ್ಲ ರೇಬೀಸ್ ನಾಯಿಗಳೂ ರೊಚ್ಚಿಗೆದ್ದು ಕಚ್ಚೋಕೆ ಬರೋದಿಲ್ಲ. ಸುಮ್ನೆ ಮೂಲೆ ಹಿಡಿಯೋವೂ ಇವೆ. ಯಾವಾಗಲೋ ತಿಂಗಳುಗಳ ಹಿಂದೆ ಬೀದಿನಾಯಿ ಕಚ್ಚಿದ್ದು ಮನೆಯವರಿಗೆ ನೆನಪೂ ಇರೋದಿಲ್ಲ. ಲಸಿಕೆ ಹಾಕಿಸಿರದ ನಾಯಿ, ತಿನ್ನುವಾಗ ಶುರುವಾದದ್ದಲ್ಲ, ಸ್ವಭಾವ ಬದಲಾಗಿದೆ ಅಂದರೆ ಬಾಯಿಗೆ ಕೈ ಹಾಕಲೇಬೇಡಿ. ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿ ಡಾಕ್ಟರನ್ನು ಕರೆಯಿರಿ. ಈಗಾಗಲೇ ಕೈ ಹಾಕಿದ್ದರೆ, ಜೊಲ್ಲು ಗಾಯಕ್ಕೆ ಅಥವಾ ಕಣ್ಣಿಗೆ ತಾಗಿದ್ದರೆ, ನಲ್ಲಿ ಕೆಳಗೆ ಹಿಡಿದು 15 ನಿಮಿಷ ತೊಳೆಯಿರಿ, ಗಾಯಕ್ಕೆ ಸೋಪನ್ನೂ ಹಚ್ಚಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಕ್ಕೆ ಬರುತ್ತದೆ. ಕಚ್ಚಿ ರಕ್ತ ಬಂದಿದ್ದರೆ, ಜೊಲ್ಲು ಗಾಯಕ್ಕೆ ಅಥವಾ ಕಣ್ಣಿಗೆ ತಾಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಗಾಯಕ್ಕೆ ಖಾರ, ಸುಣ್ಣ ಹಚ್ಚೋದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಚ್ಚಬೇಡಿ.

“ಬಿಸಲಿಗಿ ಸುಸ್ತಾಗ್ಯಾದ”

ಏಪ್ರಿಲ್, ಮೇನಲ್ಲಿ ನಮ್ಮ ಕಡೆ 42 ಡಿಗ್ರಿ ಅನ್ನೋದು ದೊಡ್ಡ ಸುದ್ದಿಯೇ ಅಲ್ಲ. ತಗಡಿನ ಶೆಡ್ಡಿನ ಕೆಳಗೆ, ಮಾಳಿಗೆಯ ಶಹಾಬಾದ್ ಕಲ್ಲಿನ ಮೇಲೆ ಕಟ್ಟಿದ ನಾಯಿಗೆ ಅದಕ್ಕಿಂತ ಜಾಸ್ತಿ. ಪಗ್, ಶಿತ್ಜು ಥರದ ಚಪ್ಪಟೆ ಮೂಗಿನವು, ದಪ್ಪಗಿರುವವು, ವಯಸ್ಸಾದವು ಮೊದಲು ಬೀಳುತ್ತವೆ. ತೇಕುವುದು ನಿಲ್ಲೋದಿಲ್ಲ, ಜೊಲ್ಲು ಅಂಟಂಟಾಗುತ್ತದೆ, ವಸಡು ಕಡುಗೆಂಪು, ನಡಿಗೆ ತೂರಾಟ, ಆಮೇಲೆ ವಾಂತಿ, ರಕ್ತ ಭೇದಿ. ಥರ್ಮಾಮೀಟರು 105, 106 ತೋರಿಸುತ್ತದೆ.

ಇಲ್ಲಿ ಮೊದಲು ತಂಪು, ಆಮೇಲೆ ಗಾಡಿ. ನೆರಳಿಗೆ ತಂದು ಹೊಟ್ಟೆ, ಕಂಕುಳು, ತೊಡೆಸಂದಿ, ಪಾದಕ್ಕೆ ನೀರು ಹಾಕುತ್ತಾ ಇರಿ. ನೀರು ಹಾಕುವ ಮುಂಚೆ ನಿಮ್ಮ ಕೈ ಮೇಲೆ ಬಿಟ್ಟು ನೋಡಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿಯ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಇರುತ್ತದೆ. ಅದೇ ನಲ್ಲಿಯ ಪೈಪು ಹಿಡಿದು ನಾಯಿಗೆ ಸ್ನಾನ ಮಾಡಿಸುವವರು ಇದ್ದಾರೆ. ನೆಲದ ತೊಟ್ಟಿಯಿಂದ ಅಥವಾ ಮನೆಯೊಳಗಿನ ಕೊಡದಿಂದ ತನ್ನಿ. ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಒಳಗಿನ ಕಾವು ಅಲ್ಲೇ ನಿಲ್ಲುತ್ತದೆ. ಐಸ್ ಬೇಕಿಲ್ಲ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗುತ್ತದೆ. ಆಮೇಲೆ ಎದ್ದು ಓಡಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿ ಕೆಡೋದು, ಒಳಗೆ ರಕ್ತಸ್ರಾವ ಆಗೋದು ಒಂದೆರಡು ದಿನ ಬಿಟ್ಟು.

ಇನ್ನು ಬಿಸಿಲಲ್ಲದ ಸುಸ್ತು. ವಸಡು ಕೆಂಪಾಗುವ ಬದಲು ಬಿಳಿಚಿದ್ದರೆ ಬಿಸಿಲನ್ನು ದೂರೋದು ಬಿಡಿ. ಕಿವಿಯ ಮಡಿಕೆ, ಕಾಲ್ಬೆರಳ ಸಂದಿ ನೋಡಿ. ಉಣ್ಣಿ ಇದ್ದು, ಜ್ವರ ಇದ್ದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮೂಗಿನಿಂದ ರಕ್ತ ಬಂದರೆ ಉಣ್ಣಿ ಜ್ವರ. ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಸಂತಾನಹರಣ ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆಗೆ ಬಂದು ಒಂದೆರಡು ತಿಂಗಳಾಗಿದೆ, ಊಟ ಬಿಟ್ಟು ನೀರು ಮಾತ್ರ ಬಕೆಟ್‌ಗಟ್ಟಲೆ ಕುಡಿಯುತ್ತಿದೆ ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬರುತ್ತಿದ್ದರೆ ಕಣ್ಣಿಗೆ ಕಾಣುತ್ತದೆ. ಬಾಯಿ ಮುಚ್ಚಿಕೊಂಡ ಗರ್ಭಕೋಶ ಇನ್ನೂ ಅಪಾಯ, ಅಲ್ಲಿ ಏನೂ ಕಾಣೋದಿಲ್ಲ.

“ಸಂಡಾಸ ಗಟ್ಟ್ಯಾಗ್ಯಾದ”

ನಮ್ಮ ಓಣಿಯ ಒಂದು ಮನೆಯಲ್ಲಿ ಬಿಳಿ ಗಂಡು ಬೆಕ್ಕಿತ್ತು. ಬಚ್ಚಲಿಗೆ ಹೋಗಿ ಕೂರೋದು, ಬೆನ್ನು ಬಗ್ಗಿಸಿ ತಿಣುಕೋದು, ಏನೂ ಬರದೆ ಎದ್ದು ಮೂತ್ರದ ಜಾಗ ನೆಕ್ಕಿಕೊಳ್ಳೋದು. ಮತ್ತೆ ಮೂಲೆಗೆ ಹೋಗಿ ಕೂರೋದು. ನಡುವೆ ಒಂದು ಥರ ಒರಟು ದನಿಯಲ್ಲಿ ಕೂಗೋದು. “ಹರಳೆಣ್ಣಿ ಹಾಕೀವ್ರೀ ಅಕ್ಕಾ, ಸಂಜಿತನ ಆಗ್ತದ” ಅಂದರು ಆ ಮನೆಯ ಅಜ್ಜಿ. ಹೊಟ್ಟೆಯ ಹಿಂಭಾಗ ಮೆಲ್ಲಗೆ ಮುಟ್ಟಿದರೆ ಒಳಗೆ ನಿಂಬೆಹಣ್ಣಿನಂತೆ ಗಟ್ಟಿ ಗುಂಡು. ಮುಟ್ಟಿದ್ದಕ್ಕೇ ಕಿರುಚಿತು. ಅದು ಮೂತ್ರಕೋಶ. ಹರಳೆಣ್ಣೆ ಹೊಟ್ಟೆಗೆ ಹೋಗಿತ್ತು, ತೊಂದರೆ ಇದ್ದದ್ದು ಮೂತ್ರನಾಳದಲ್ಲಿ.

ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಮರಳಿನಂಥ ಹರಳು, ಲೋಳೆ ಸೇರಿ ಮುಚ್ಚಿಬಿಡುತ್ತದೆ. ಮೂತ್ರ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ, ಒಂದೆರಡು ದಿನದಲ್ಲಿ ಬೆಕ್ಕು ಸಾಯುತ್ತದೆ. ವಾಂತಿ ಶುರುವಾಗಿ ಮೈ ತಣ್ಣಗಾಗಿದ್ದರೆ ಕೊನೆಯ ಹಂತ. ಹಾಗಾಗಿ ಗಂಡು ಬೆಕ್ಕು ತಿಣುಕುತ್ತಿದ್ದರೆ, ಅದು ಸಂಡಾಸಿಗೆ ಅಲ್ಲ, ಮೂತ್ರಕ್ಕೆ ಅಂತಲೇ ಮೊದಲು ತಿಳಿಯಿರಿ. ಒಣ ನೆಲದ ಮೇಲೆ ಅಥವಾ ಹಳೇ ಪೇಪರಿನ ಮೇಲೆ ಬಿಟ್ಟು ನೋಡಿ. ಒದ್ದೆ ಆಗಲಿಲ್ಲ, ಬರೀ ಒಂದೆರಡು ಹನಿ ರಕ್ತ ಬಿತ್ತು ಅಂದರೆ ಹೊರಡಿ. ಮೂತ್ರಕೋಶ ಒತ್ತಿ ಮೂತ್ರ ತೆಗೆಯೋ ಸಾಹಸ ಬೇಡ, ಒಡೆಯುತ್ತದೆ.

ಹೆಣ್ಣು ಬೆಕ್ಕು ಹೀಗೆ ಪೂರ್ತಿ ಮುಚ್ಚಿಕೊಳ್ಳೋದು ಅಪರೂಪ. ಹನಿ ಹನಿ ಮೂತ್ರಕ್ಕೆ ಅವತ್ತೋ ಮರುದಿನವೋ ತೋರಿಸಿದರೆ ಆಗುತ್ತದೆ. ಗುದದಿಂದ ದಾರ ಜೋತಾಡುತ್ತಿದ್ದರೆ ಮಾತ್ರ ಗಂಡಾಗಲಿ ಹೆಣ್ಣಾಗಲಿ, ಎಳೆಯಬೇಡಿ. ಇನ್ನೊಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿರಬಹುದು, ಎಳೆದರೆ ಕರುಳು ಕೊಯ್ಯುತ್ತದೆ.

“ಯಾರೋ ವಿಷ ಹಾಕ್ಯಾರ”

ನೆರೆಯವರ ಮೇಲೆ ಅನುಮಾನ ಪಡೋದು ಆಮೇಲೆ. ಮೊದಲು ನಮ್ಮದೇ ಅಂಗಳ, ನಮ್ಮದೇ ಹೊಲ, ನಮ್ಮದೇ ಮಾತ್ರೆ ಡಬ್ಬಿ ನೋಡೋಣ.

ತೊಗರಿ, ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡೆಯುವ ಕಾಲದಲ್ಲಿ ಹೊಲದಿಂದ ಬಂದ ನಾಯಿ ಜೊಲ್ಲು ಸುರಿಸುತ್ತಿದೆ, ಕಣ್ಣಲ್ಲಿ ನೀರು, ನಿಂತಲ್ಲೇ ಮೂತ್ರ, ಭೇದಿ, ಮೈಯ ಮಾಂಸಖಂಡ ಅದುರುತ್ತಿವೆ, ಕಣ್ಣಿನ ಪಾಪೆ ಸಣ್ಣ ಚುಕ್ಕೆಯಾಗಿದೆ. ಮಾನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್ ಗುಂಪಿನ ಕೀಟನಾಶಕದ ಗುರುತು ಇದು. ಪಂಪು ತೊಳೆದ ನೀರು ನಿಂತ ಗುಂಡಿಯಲ್ಲಿ ಒಂದು ಸಲ ನೆಕ್ಕಿದರೂ ಸಾಕು. ನೀವು ಕೈಗವಸು ಹಾಕಿಕೊಂಡು ಸೋಪಿನಿಂದ ಮೈ ತೊಳೆಯಿರಿ, ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಓಡಿ. ದೂರದ ದೊಡ್ಡ ಕ್ಲಿನಿಕ್ ಹುಡುಕುತ್ತ ಹೊತ್ತು ಕಳೆಯಬೇಡಿ. ಇದಕ್ಕೆ ಬೇಕಾದ ಅಟ್ರೋಪಿನ್ ಎತ್ತು, ಎಮ್ಮೆ ನೋಡುವ ಡಾಕ್ಟರಿಗೂ ನಿತ್ಯದ ಔಷಧಿ.

ಇಲಿ ಪಾಷಾಣದಲ್ಲಿ ಎರಡು ಬಗೆ. ಬೂದುಗಪ್ಪು ಪುಡಿ, ಜಿಂಕ್ ಫಾಸ್ಫೈಡ್, ಬೇಗ ಕೊಲ್ಲುತ್ತದೆ. ವಾಂತಿಗೆ ಬೆಳ್ಳುಳ್ಳಿ ವಾಸನೆ ಇರುತ್ತದೆ. ಹೊಟ್ಟೆಯ ಆಮ್ಲಕ್ಕೆ ತಾಗಿ ವಿಷಗಾಳಿ ಹುಟ್ಟುತ್ತದೆ. ಹಾಲು, ಅನ್ನ, ರೊಟ್ಟಿ ತಿನ್ನಿಸಿದರೆ ಆಮ್ಲ ಹೆಚ್ಚುತ್ತದೆ, ತಿನ್ನಿಸಬೇಡಿ. ಗಾಡಿಯ ಕಿಟಕಿ ತೆರೆದಿಡಿ, ಆ ಗಾಳಿ ನಿಮಗೂ ವಿಷ. ಇನ್ನೊಂದು ಬಣ್ಣದ ಬಿಲ್ಲೆ, ಬ್ರೊಮಾಡಿಯೋಲೋನ್. ತಿಂದ ದಿನ ನಾಯಿ ಆರಾಮಾಗಿ ಆಡಿಕೊಂಡಿರುತ್ತದೆ. ಬಚಾವಾಯ್ತು ಅಂತ ಸುಮ್ಮನಾಗುತ್ತೀರಿ. ಮೂರರಿಂದ ಐದು ದಿನಕ್ಕೆ ಮೂಗಲ್ಲಿ ರಕ್ತ, ಕರಿ ಸಂಡಾಸು, ಏದುಸಿರು. ಬಿಲ್ಲೆ ಕಡಿದ ಗುರುತು ಸಿಕ್ಕಿದ ದಿನವೇ ಪ್ಯಾಕೆಟ್ ಸಮೇತ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಆ ಔಷಧಿ ವಾರಗಟ್ಟಲೆ ಕೊಡಬೇಕು, ನಡುವೆ ನಿಲ್ಲಿಸಬಾರದು.

ಮಾತ್ರೆಗೆ ಬರೋಣ. ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡೋದು ವಿಷ ಕೊಟ್ಟಂತೆಯೇ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. 500 ಮಿಲಿಗ್ರಾಂನ ಒಂದು ಮಾತ್ರೆ ಕೊಲ್ಲಬಹುದು. ವಸಡು ಕಂದು, ಮುಖ ಮತ್ತು ಪಾದ ಊದುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೂ ಬೇಡ, ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹೋಗುತ್ತದೆ. ಪರ್ಮೆಥ್ರಿನ್ ಇರುವ ನಾಯಿಯ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಮೈ ನಡುಗಿ ಫಿಟ್ಸ್ ಬರುತ್ತದೆ.

ಯಾವ ವಿಷವೇ ಆಗಲಿ ಉಪ್ಪುನೀರು, ಹುಣಸೆ ರಸ, ಎಣ್ಣೆ ಕುಡಿಸಿ ವಾಂತಿ ಮಾಡಿಸಬೇಡಿ. ಅರೆಪ್ರಜ್ಞೆಯಲ್ಲಿರುವ ನಾಯಿಯ ಬಾಯಿಗೆ ಸುರಿದದ್ದು ಹೊಟ್ಟೆಗೆ ಹೋಗೋದಿಲ್ಲ, ಪುಪ್ಪುಸಕ್ಕೆ ಹೋಗುತ್ತದೆ.

ನಡುಗೋದೆಲ್ಲ ವಿಷವೂ ಅಲ್ಲ. ಮರಿಗೆ ಎರಡು ಮೂರು ವಾರ ಆಗಿರುವ ತಾಯಿ ನಾಯಿ, ಅದರಲ್ಲೂ ಪಮೇರಿಯನ್ ಥರದ ಚಿಕ್ಕದು, ತೇಕುತ್ತ, ಕಾಲು ಸೆಟೆದುಕೊಂಡು ನಡೆಯುತ್ತ, ನಡುಗುತ್ತಿದ್ದರೆ ಹಾಲಿಗೆ ಸುಣ್ಣದಂಶವೆಲ್ಲ ಹೋಗಿ ಕ್ಯಾಲ್ಸಿಯಂ ಕುಸಿದಿದೆ. ಮರಿಗಳನ್ನು ಬೇರೆ ಮಾಡಿ, ಹೊರಡಿ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಹೋಗುತ್ತಿದ್ದಂತೆ ನಡುಕ ನಿಲ್ಲೋದನ್ನು ಕಣ್ಣಾರೆ ನೋಡಬಹುದು. ಆಕಳಿಗೆ ಕರು ಹಾಕಿದ ಮೇಲೆ ಬರೋ ತೊಂದರೆಗೂ ಇದೇ ಔಷಧಿ, ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ.

ಫಿಟ್ಸ್ ಬಂದರೆ ಮೊಬೈಲಿನಲ್ಲಿ ಟೈಮ್ ನೋಡಿ, ವಿಡಿಯೋ ಮಾಡಿ. ಐದು ನಿಮಿಷ ದಾಟಿದರೆ ಅಥವಾ ಒಂದೇ ದಿನದಲ್ಲಿ ಮತ್ತೆ ಬಂದರೆ ತುರ್ತು. ಈರುಳ್ಳಿ, ಚಪ್ಪಲಿ, ಕಬ್ಬಿಣದ ಕೀಲಿ ಯಾವುದೂ ಬೇಡ. ಬಾಯಿಗೆ ಚಮಚ ಇಡಬೇಡಿ.

ಮಳೆಗಾಲದಲ್ಲಿ ಹಾವನ್ನೂ ಮರೆಯಬೇಡಿ. ಹಾವಿನ ಜತೆ ಕಾದಾಡಿದ ನಾಯಿಗೆ ಕಚ್ಚಿರೋದು ಮೂತಿ ಅಥವಾ ಮುಂಗಾಲು. ಮಂಡಲದ ಹಾವಾದರೆ ನೋಡನೋಡುತ್ತ ಊತ, ಕಚ್ಚಿದಲ್ಲಿ ರಕ್ತ ನಿಲ್ಲೋದಿಲ್ಲ. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋಲುತ್ತದೆ, ಹಿಂಗಾಲು ಸೋಲುತ್ತದೆ, ಉಸಿರು ಕಡಿಮೆಯಾಗುತ್ತದೆ. ಕಟ್ಟುಹಾವು ಕಚ್ಚಿದಲ್ಲಿ ಊತ ಇರೋದೇ ಇಲ್ಲ ಅನ್ನಬಹುದು. ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಬಿಟ್ಟು ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪಾಲಿವೇಲೆಂಟ್ (ಹಲವು ಹಾವುಗಳ ವಿಷಕ್ಕೆ ಒಂದೇ) ಪ್ರತಿವಿಷವೇ ನಾಯಿಗೂ ಬೇಕು. ಎಲ್ಲ ಕಡೆ ಇರೋದಿಲ್ಲ, ದಾರಿಯಲ್ಲೇ ಫೋನ್ ಮಾಡಿ ಕೇಳಿ.

ಉಳಿದವು, ಚುಟುಕಾಗಿ

ಗಾಡಿ ಬಡಿದ ನಾಯಿ ಎದ್ದು ಓಡಿದರೂ ಮಾರನೇ ದಿನದವರೆಗೆ ವಸಡು, ಹೊಟ್ಟೆ ಊತ, ಮೂತ್ರ ನೋಡುತ್ತ ಇರಿ. ಏಳದಿದ್ದರೆ ಹಲಗೆ ಅಥವಾ ಚಾದರದ ಮೇಲೆ ಎತ್ತಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಐದು ನಿಮಿಷ ಕೈ ತೆಗೆಯದೆ ಒತ್ತಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಪಗ್, ಶಿತ್ಜು ಕಣ್ಣುಗುಡ್ಡೆ ಹೊರಬಂದರೆ ಒಳಗೆ ತಳ್ಳಬೇಡಿ, ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಇಟ್ಟು ಒಣಗದಂತೆ ನೋಡಿಕೊಳ್ಳಿ.

ಹೆರಿಗೆಯಲ್ಲಿ ಮೂರು ಗುರುತು ಸಾಕು. ಜೋರಾಗಿ ಅರ್ಧ ಗಂಟೆ ತಿಣುಕಿದರೂ ಮರಿ ಇಲ್ಲ, ಮೊದಲ ಮರಿಗೂ ಮುಂಚೆ ಹಸಿರುಗಪ್ಪು ಸ್ರಾವ, ಹೊಟ್ಟೆಯಲ್ಲಿ ಇನ್ನೂ ಮರಿ ಇದ್ದೂ ಹಿಂದಿನದು ಹುಟ್ಟಿ ಎರಡು ಗಂಟೆ ದಾಟಿದೆ. ಯಾವುದೇ ಒಂದಿದ್ದರೂ ಹೊರಡಿ.

ಎಲ್ಲಿಗೆ, ಫೋನಿನಲ್ಲಿ ಏನು ಹೇಳಬೇಕು

ಅಟ್ರೋಪಿನ್, ಕ್ಯಾಲ್ಸಿಯಂ, ಸಲೈನ್ ಬೇಕಾದಾಗ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯೇ ಸರಿ. ಆಪರೇಷನ್, ಎಕ್ಸ್‌ರೇ ಬೇಕಾದಾಗ ಬೀದರ್ ಜಿಲ್ಲೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ. ಕಲಬುರಗಿಯಿಂದ ಅದು ನೂರು ಕಿಲೋಮೀಟರಿಗೂ ಜಾಸ್ತಿ, ಯಾದಗಿರಿಯಿಂದ ಇನ್ನೂ ದೂರ. ಹೊಟ್ಟೆ ತಿರುಚಿದ ನಾಯಿಯನ್ನು ಹಾಗೇ ಕಾರಿಗೆ ಹಾಕಿಕೊಂಡು ಅಷ್ಟು ದೂರ ಹೋಗುವ ಮುಂಚೆ, ಊರಲ್ಲೇ ಯಾರಾದರೂ ಹೊಟ್ಟೆಯ ಗಾಳಿ ತೆಗೆದು ಸಲೈನ್ ಹಚ್ಚುತ್ತಾರಾ ಕೇಳಿ. 1962 ಪಶು ಸಹಾಯವಾಣಿ. ಅದರ ಗಾಡಿ ಓಡಾಡೋದು ಹೆಚ್ಚಾಗಿ ದನಕರುಗಳಿಗೆ, ಆದರೂ ಹತ್ತಿರದ ಡಾಕ್ಟರು ಎಲ್ಲಿದ್ದಾರೆ ಅಂತ ಕೇಳೋಕೆ ಒಂದು ಫೋನ್ ಮಾಡಿ.

ಡಾಕ್ಟರಿಗೆ ಫೋನ್ ಮಾಡಿ “ಸರ್, ನಮ್ಮ ಬೆಕ್ಕಿಗೆ ಹುಷಾರಿಲ್ಲ, ಒಂದು ಮಾತ್ರೆ ಹೇಳ್ರಿ” ಅಂದರೆ ಅವರಿಗೆ ಏನೂ ಗೊತ್ತಾಗೋದಿಲ್ಲ. ಹೀಗೆ ಹೇಳಿ: “ಗಂಡು ಬೆಕ್ಕು, ಮೂರು ವರ್ಷ, ನಾಲ್ಕು ಕೆಜಿ. ನಿನ್ನೆ ರಾತ್ರಿಯಿಂದ ಮೂತ್ರ ಇಲ್ಲ. ಎರಡು ಸಲ ವಾಂತಿ ಆಗ್ಯಾದ. ಜ್ವರ 99. ಮುಂಜಾನೆ ಹರಳೆಣ್ಣಿ ಕುಡಿಸೀವಿ. ನಿಮ್ಮಲ್ಲಿ ಬೆಕ್ಕಿಗೆ ಹಾಕೋ ಮೂತ್ರದ ನಳಿಕೆ, ಕ್ಯಾಥಿಟರ್, ಅದ ಏನ್ರೀ, ಇಲ್ಲಾಂದ್ರ ಯಾರ ಕಡೆ ಹೋಗ್ಲಿ?”